ಒಂದು ನಲವತ್ತರ ದನಿ

ಮುರಾರಿ ಉಪಾಧ್ಯರು ಇಪ್ಪತ್ತೊಂಬತ್ತು ವರ್ಷ ಮುಂಬಯಿಯ ಲೋಕಲ್ ರೈಲು ಓಡಿಸಿ ನಿವೃತ್ತರಾದವರು. ಉಡುಪಿಯ ಕಡೆಯಿಂದ ಬಂದವರೆಲ್ಲ ಹೋಟೆಲಿನ ಹಣದ ಗಲ್ಲೆಯಲ್ಲೋ ಬ್ಯಾಂಕಿನಲ್ಲೋ ಕೂತಾಗ ನೀನೊಬ್ಬ ಮೋಟರ್‌ಮನ್ ಆದದ್ದು ಯಾಕೆ ಎಂದು ನೆಂಟರು ಕೇಳಿದರೆ ಸುಮ್ಮನೆ ನಕ್ಕುಬಿಡುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಠಾಕುರ್ಲಿ ಸ್ಟೇಷನ್ನಿನಿಂದ ಕಲ್ಯಾಣದ ಕಡೆಗೆ ಸ್ವಲ್ಪ ನಡೆದರೆ, ಹಳಿಗಳಿಗೆ ಮುಖಮಾಡಿ ನಿಂತ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಅವರ ಮನೆ. ಹೆಂಡತಿ ತೀರಿಹೋಗಿ ಏಳು ವರ್ಷವಾಗಿತ್ತು. ಒಬ್ಬರೇ ಅನ್ನ ಮಾಡಿಕೊಂಡು, ಒಬ್ಬರೇ ಪೇಪರು ಓದಿಕೊಂಡು ಇದ್ದರು. ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಮೇ ತಿಂಗಳ ಒಂದು ಬೆಳಿಗ್ಗೆ ಹಾಲಿನ ಪಾಕೀಟು ಕೈಯಲ್ಲಿ ಹಿಡಿದಂತೆಯೇ ಬಾಗಿಲಲ್ಲಿ ಕುಸಿದರು. ಬಲಭಾಗ ಬಿದ್ದುಹೋಯಿತು. ಮಾತೂ ಹೋಯಿತು.

ದೊಡ್ಡ ಮಗಳು ಮುಕ್ತಾ ನಾಸಿಕದ ಶಾಲೆಯೊಂದರಲ್ಲಿ ಗಣಿತದ ಟೀಚರು. ನಲವತ್ತಮೂರು ವರ್ಷ. ಎರಡು ಸಲ ಮದುವೆಯ ಮಾತು ಛತ್ರ ನೋಡುವವರೆಗೂ ಬಂದು ಮುರಿದಿತ್ತು. ಮೂರನೆಯ ಸಲ ಅವಳೇ ಬೇಡವೆಂದಳು. ಚಿಕ್ಕವಳು ಅನಘ ಹೈದರಾಬಾದಿನಲ್ಲಿ. ಮದುವೆಯಾಗದೆ ಒಬ್ಬನ ಜೊತೆ ಸಂಸಾರ ಹೂಡಿದ್ದಕ್ಕೆ ಅಪ್ಪ ಒಂದು ಮಾತೂ ಆಡಲಿಲ್ಲ. ಆಡಿದವಳು ಅಕ್ಕ, ಆಡಬಾರದ್ದನ್ನೆಲ್ಲ. ಆ ಗಂಡಸು ಬಿಟ್ಟುಹೋದಾಗ ಅನಘ ಅದನ್ನು ಅಕ್ಕನಿಗೆ ತಿಳಿಸಲೂ ಇಲ್ಲ. ಆರು ವರ್ಷ ಅಕ್ಕತಂಗಿಯರ ನಡುವೆ ಹಬ್ಬದ ದಿನದ ವಾಟ್ಸ್ಯಾಪ್ ಚಿತ್ರಗಳು ಬಿಟ್ಟರೆ ಬೇರೇನೂ ಓಡಾಡಲಿಲ್ಲ.

ಇಬ್ಬರೂ ಒಂದೇ ದಿನ ಬಂದು ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಎದುರಾದರು. "ತಿಂಡಿ ಆಯ್ತಾ?" ಎಂದಳು ಮುಕ್ತಾ. "ಆಯ್ತು" ಎಂದಳು ಅನಘ. ಆಗಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಮೂರು ವಾರದ ಮೇಲೆ ಅಪ್ಪಯ್ಯನನ್ನು ಮನೆಗೆ ತಂದು, ಕಿಟಕಿಯ ಪಕ್ಕ ಬಾಡಿಗೆಯ ಮಂಚ ಹಾಕಿದರು. ಬಾಯಿಂದ ಬರುತ್ತಿದ್ದುದು ಊಊ ಎನ್ನುವ ಒಂದು ಎಳೆತ ಮಾತ್ರ. ಮಾತು ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು.

ಮಾತು ಬಂತು. ಜೂನ್ ಹದಿನಾಲ್ಕು, ಮಧ್ಯಾಹ್ನ. ಹೊರಗೆ ಮೋಡ ಕಟ್ಟಿ ಮನೆಯೊಳಗೆ ಬೂದು ಬೆಳಕು. ಮುಕ್ತಾ ಅಡುಗೆಮನೆಯಲ್ಲಿ ಗಂಜಿ ಆರಿಸುತ್ತಿದ್ದಳು. ಒಳಗಿನ ಕೋಣೆಯಲ್ಲಿ ಯಾರೋ ಹೆಂಗಸು ಕೇಳಿದಂತಾಯಿತು:

"ಯವ್ವಾ, ನನ್ನ ಕೂಸ ಎಲ್ಲದ?"

ಬಾಗಿಲು ತೆರೆದಿದೆಯೇನೋ, ಪಕ್ಕದ ಮನೆಗೆ ಯಾರೋ ಬಂದಿರಬೇಕು ಎಂದುಕೊಂಡು ಮುಕ್ತಾ ಹೊರಗೆ ಬಂದು ನೋಡಿದಳು. ಬಾಗಿಲು ಹಾಕಿತ್ತು. ಅನಘ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ಒಗೆದ ಟವೆಲು.

"ಅಕ್ಕಾ," ಎಂದಳು ಮೆಲ್ಲಗೆ, "ಅಪ್ಪಯ್ಯ."

ಉಪಾಧ್ಯರ ಕಣ್ಣು ಸೀಲಿಂಗಿನಲ್ಲಿ ನೆಟ್ಟಿತ್ತು. ಒಂದು ಬದಿಗೆ ಸೊಟ್ಟಗಾಗಿದ್ದ ಬಾಯಿ ಆ ಹೊತ್ತಿಗೆ ಸೊಟ್ಟಗಿರಲಿಲ್ಲ. ತುಟಿ ನೇರವಾಗಿ, ಸ್ಪಷ್ಟವಾಗಿ ಅಲುಗಿತು. "ಎದಿ ಬಿಗದಾದ. ಹಾಲ ಕುಡಸಬೇಕು. ಕೂಸಿನ್ನ ಕೊಡ್ರಿ." ಸಣ್ಣ ದನಿ, ಇಪ್ಪತ್ತೆರಡು ಇಪ್ಪತ್ತಮೂರರ ಹೆಂಗಸಿನ ದನಿ. ನೆಟ್ಟಗಿದ್ದ ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿದು ಜೋರಾಗಿ ಎಳೆಯಿತು. ಹೊರಗೆ ಕಲ್ಯಾಣದ ಕಡೆಗೆ ಒಂದು ಫಾಸ್ಟ್ ಲೋಕಲ್ ಹೋಯಿತು. ಅದು ದಾಟಿದ ಮೇಲೆ ಬಾಯಿ ಮತ್ತೆ ಸೊಟ್ಟಗಾಯಿತು. ಗೋಡೆ ಗಡಿಯಾರದಲ್ಲಿ ಒಂದು ನಲವತ್ತೆರಡು.

ಅಂಗಿಯ ಎದೆ ಒದ್ದೆಯಾಗಿತ್ತು. ಜೊಲ್ಲು ಎಂದು ಅನಘ ಒರೆಸಿದಳು. ಅಂಗಿ ಬದಲಿಸಿ, ಒದ್ದೆ ಅಂಗಿಯನ್ನು ಮುದುರಿ ಬಕೆಟ್ಟಿಗೆ ಹಾಕಿದವಳು ಮುಕ್ತಾ. ಮೂಸಿ ನೋಡಬೇಕೆಂದು ಅವಳಿಗೆ ಒಂದು ಕ್ಷಣ ಅನಿಸಿತು. ನೋಡಲಿಲ್ಲ.

ಮರುದಿನವೂ ಅದೇ ಹೊತ್ತಿಗೆ ಬಂತು. ಅದರ ಮರುದಿನವೂ. ಹುಟ್ಟಿದಂದಿನಿಂದ ತುಳು, ಊರಿನವರೊಡನೆ ಕುಂದಾಪುರದ ಕಡೆಯ ಕನ್ನಡ, ಕೆಲಸದಲ್ಲಿ ಮರಾಠಿ ಹಿಂದಿ ಆಡಿದ ಮನುಷ್ಯನ ಬಾಯಲ್ಲಿ ಈ ಭಾಷೆ ಎಲ್ಲಿಂದ? ಡಾಕ್ಟರನ್ನು ಕೇಳಿದರೆ, "ಎಂದೋ ಕೇಳಿದ ಮಾತು ಮಿದುಳಿನ ಮೂಲೆಯಲ್ಲಿ ಉಳಿದುಬಿಡುತ್ತದೆ. ಉಳಿದದ್ದೆಲ್ಲ ಅಳಿಸಿಹೋದಾಗ ಅದೊಂದೇ ಎದ್ದು ಕಾಣುತ್ತದೆ" ಎಂದರು. ಮಾತು ಉಳಿಯಬಹುದು, ದನಿ? ಅದಕ್ಕೆ ಅವರು ಹೆಗಲು ಕುಣಿಸಿದರು. ನೋಡಿಕೊಳ್ಳಲು ಬಂದಿದ್ದ ಹೆಂಗಸು ಎರಡನೆಯ ದಿನ ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು.

ಆಮೇಲೆ ಡೊಂಬಿವ್ಲಿಯ ನರ್ಸಿಂಗ್ ಬ್ಯೂರೋದವರು ಕಳಿಸಿದ್ದು ಸುನಿಲನನ್ನು. ನಲವತ್ತೈದರ ಆಸುಪಾಸು, ಗಟ್ಟಿ ಮೈ, ಕಲ್ಯಾಣ ಪೂರ್ವದಲ್ಲಿ ವಾಸ. ಚಿಕ್ಕಂದಿನಲ್ಲಿ ಅಪ್ಪ ಅವ್ವನ ಜೊತೆ ಕಲಬುರಗಿ ಜಿಲ್ಲೆಯಿಂದ ಕಟ್ಟಡ ಕೆಲಸಕ್ಕೆ ಬಂದವನು. ಹೆಂಡತಿ ಕೊರೊನಾದಲ್ಲಿ ಹೋಗಿದ್ದಳು. ಅವಳನ್ನು ನೋಡಿಕೊಂಡ ಮೇಲೆ ರೋಗಿಗಳನ್ನು ನೋಡುವುದೇ ಅವನ ಕೆಲಸವಾಯಿತು. ಮೊದಲ ದಿನ ತನ್ನ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತು ಉಣ್ಣಲು ಹೊರಟ. ಮುಕ್ತಾ, "ಎಂಥಕ್ಕೆ ಅಲ್ಲಿ? ಮೇಜು ಉಂಟಲ್ಲ" ಎಂದು ಕುರ್ಚಿ ಎಳೆದು ಕೊಟ್ಟಳು. ಮಧ್ಯಾಹ್ನ ಏನಾಗುತ್ತದೆ ಎಂದು ಇಬ್ಬರೂ ಅವನಿಗೆ ಹೇಳಿರಲಿಲ್ಲ. ಹೇಳಿದರೆ ಇವನೂ ಓಡಿಹೋಗುತ್ತಾನೆಂಬ ಭಯ.

ಒಂದು ನಲವತ್ತಕ್ಕೆ ದನಿ ಬಂದಾಗ ಸುನಿಲ ರೋಗಿಯ ಕಾಲು ಒತ್ತುತ್ತಿದ್ದ. ಅವನ ಕೈ ನಿಂತಿತು. ತೋಳಿನ ಕೂದಲು ನೆಟ್ಟಗಾದದ್ದು ಹೊಸ್ತಿಲಲ್ಲಿದ್ದ ಮುಕ್ತಾಳಿಗೂ ಕಂಡಿತು. ಆದರೆ ಅವನು ಏಳಲಿಲ್ಲ.

"ನನ್ನ ಕೂಸ ಎಲ್ಲದ? ಯಾರರ ನೋಡೀರೇನು?"

ಸುನಿಲ ಬಗ್ಗಿ, ಮನೆಯ ಹೆಣ್ಣುಮಗಳಿಗೆ ಹೇಳುವಂತೆ ಹೇಳಿದ: "ಕೂಸ ಮಲಗ್ಯಾದವ್ವಾ. ಈಗರ ಕಣ್ಣ ಮುಚ್ಯಾದ. ಎಬ್ಬಸಬ್ಯಾಡ."

ಉಪಾಧ್ಯರ ಮುಖದ ಬಿಗಿ ಇಳಿಯಿತು. ಅವತ್ತು ಎಡಗೈ ಗಾಳಿಯನ್ನು ಎಳೆಯಲಿಲ್ಲ.

"ಇದು ನಮ್ಮ ಕಡಿ ಮಾತ್ರಿ ಮೇಡಮ್ಮಾರ," ಎಂದ ಆಮೇಲೆ, ನೀರು ಕುಡಿದು. "ಅದೂ ಹೆಣ್ಣಮಕ್ಕಳ ಮಾತು. ಕಾಕಾರಿಗಿ ಇದು ಹ್ಯಾಂಗ ಬಂತು?"

ಅದಕ್ಕೆ ಉತ್ತರ ಸಿಕ್ಕಿದ್ದು ಗಾವಂಡೆ ಕಾಕಾರಿಂದ. ಅಪ್ಪಯ್ಯನ ಗಾಡಿಯಲ್ಲೇ ಬಹಳ ವರ್ಷ ಗಾರ್ಡ್ ಆಗಿದ್ದ ಅವರು ರೋಗಿಯನ್ನು ನೋಡಲು ಅಂಬರನಾಥದಿಂದ ಬಂದರು. ಅವರು ಚಹಾ ಕುಡಿಯುತ್ತಿರುವಾಗಲೇ ದನಿ ಬಂತು. ಕಪ್ಪು ತಟ್ಟೆಗೆ ಬಡಿದು ಚಹಾ ಚೆಲ್ಲಿತು. ಕನ್ನಡ ಒಂದಕ್ಷರ ಬಾರದ ಆ ಮುದುಕ ಎದ್ದು ಬಾಲ್ಕನಿಗೆ ಹೋಗಿ ಕಂಬಿ ಹಿಡಿದು ನಿಂತರು.

"ಆ ಹೆಂಗಸು," ಎಂದರು ಮರಾಠಿಯಲ್ಲಿ. "ಇಪ್ಪತ್ತೆಂಟು ವರ್ಷದ ಮೇಲೂ ಆ ದನಿಯ ಗುರುತು ನನಗೆ ಸಿಗುತ್ತದೆ."

ಸಾವಿರದ ಒಂಬೈನೂರ ತೊಂಬತ್ತಾರರ ಆಗಸ್ಟು. ಮಳೆ. ಕೂಲಿ ಹೆಂಗಸರು ಊಟದ ಹೊತ್ತಿಗೆ, ಒಂದು ನಲವತ್ತರ ಸುಮಾರಿಗೆ, ಹಳಿ ದಾಟುತ್ತಿದ್ದರು. ಒಬ್ಬಳು ಕಂಕುಳಲ್ಲಿ ಮಗು ಎತ್ತಿಕೊಂಡು ಹಿಂದುಳಿದಳು. ಉಪಾಧ್ಯರು ಹಾರ್ನ್ ಒತ್ತಿದರು, ಬ್ರೇಕಿನ ಹಿಡಿ ಜೋರಾಗಿ ಎಳೆದರು. ಗಾಡಿ ನಿಂತಾಗ ಅವಳು ಎರಡು ಹಳಿಗಳ ನಡುವಿನ ಜಲ್ಲಿಕಲ್ಲಿನ ಮೇಲಿದ್ದಳು. ಇನ್ನೂ ಜೀವವಿತ್ತು. ಕಾಕಾ ಸ್ಟ್ರೆಚರ್ ತರುವಷ್ಟರಲ್ಲಿ ಮೋಟರ್‌ಮನ್ ಇಳಿದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವಳು ಒಂದೇ ಸಮ ಏನೋ ಕೇಳುತ್ತಿದ್ದಳು. "ಏನು ಕೇಳ್ತಾಳೆ ಅಂತ ನಾನು ಕೇಳಿದೆ. ಮುರಾರಿ ಉತ್ತರ ಕೊಡಲಿಲ್ಲ. ಅವಳಿಗೂ ಕೊಡಲಿಲ್ಲ. ಅವನ ಬಾಯೇ ಕಟ್ಟಿಹೋಗಿತ್ತು. ಅವಳು ಕೇಳ್ತಾ ಕೇಳ್ತಾ ಹೋದಳು."

"ಮಗು?" ಎಂದಳು ಅನಘ.

"ಆಚೆ ಹುಲ್ಲಿನಲ್ಲಿ ಬಿದ್ದಿತ್ತು. ಬದುಕಿತ್ತು. ಅವರ ಕಡೆಯವರು ಎತ್ತಿಕೊಂಡು ಹೋದರು." ಕಾಕಾ ಕೈಯೆತ್ತಿ ಹಳಿಗಳ ಕಡೆ ತೋರಿಸಿದರು. ಬಾಲ್ಕನಿಯ ನೇರಕ್ಕೆ, ಸಿಗ್ನಲ್ ಕಂಬದಿಂದ ಸ್ವಲ್ಪ ಈಚೆ. "ಅಲ್ಲಿ."

ಮುಕ್ತಾ ಕಂಬಿಯಿಂದ ಕೈ ತೆಗೆದಳು. ಅವಳು ಹೈಸ್ಕೂಲಿನಲ್ಲಿದ್ದಾಗ ಅಪ್ಪಯ್ಯ ಡೊಂಬಿವ್ಲಿಯ ಒಳ್ಳೆಯ ಮನೆ ಬಿಟ್ಟು ಈ ಮನೆಗೆ ಬಂದಿದ್ದರು. ಸದ್ದು, ಧೂಳು ಎಂದು ಅಮ್ಮ ಬದುಕಿದ್ದಷ್ಟು ದಿನವೂ ಗೊಣಗಿದರು. ರಜೆಯ ದಿನ ಮಧ್ಯಾಹ್ನ ಊಟ ಮುಗಿಸಿ ಅಪ್ಪಯ್ಯ ಬಾಲ್ಕನಿಯಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದರು. ಗಾಳಿಗೆ, ಎನ್ನುತ್ತಿದ್ದರು.

ಆಮೇಲೆ ಅಕ್ಕತಂಗಿಯರು ಮಧ್ಯಾಹ್ನ ಒಂದೂವರೆಯ ನಂತರ ಒಬ್ಬರನ್ನೊಬ್ಬರು ಬಿಟ್ಟು ಇರುತ್ತಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಬೆನ್ನಿಗೆ ಬೆನ್ನು ತಾಗಿಸಿ ಕೂತುಕೊಳ್ಳುತ್ತಿದ್ದರು, ಚಿಕ್ಕವರಿದ್ದಾಗ ಕೂತಂತೆ. ಹಾಗೆ ಕೂತಾಗಲೇ ಮುಕ್ತಾ, "ನಾನು ಆವತ್ತು ಹಾಗೆಲ್ಲ ಹೇಳಬಾರದಿತ್ತು ಮಾರಾಯ್ತಿ" ಎಂದಳು. ಅನಘ, "ನೀನು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಜಾಸ್ತಿ ಗುಸ್ಸಾ ಬಂದದ್ದು" ಎಂದಳು. ಇಬ್ಬರೂ ನಕ್ಕರು. ಒಳಗೆ ದನಿ ಮಗುವನ್ನು ಕೇಳುತ್ತಿತ್ತು, ಸುನಿಲ ಸಮಾಧಾನ ಹೇಳುತ್ತಿದ್ದ, ಇವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನಗು ಯಾವಾಗ ಅಳುವಾಯಿತೆಂದು ತಿಳಿಯಲಿಲ್ಲ.

ಅನಘಳನ್ನು ಹುಡುಕಿಕೊಂಡು ಕಶ್ಯಪ ಬರತೊಡಗಿದ್ದೂ ಆ ದಿನಗಳಲ್ಲೇ. ಡೊಂಬಿವ್ಲಿ ಸ್ಟೇಷನ್ನಿನ ಹತ್ತಿರ ಅವನ ಅಪ್ಪ ಇಟ್ಟ ಹೋಟೆಲು ನಡೆಸುತ್ತಿದ್ದ, ಕಾಲೇಜಿನಲ್ಲಿ ಅವಳ ಜೊತೆ ಓದಿದವನು. ರೋಗಿಗೆಂದು ಹೆಸರುಬೇಳೆಯ ತಿಳಿ ಸಾರು ತಂದು, ಒಂದು ಮಧ್ಯಾಹ್ನ ದನಿಯನ್ನೂ ಕೇಳಿ, ಮುಖ ಬಿಳಿಚಿಕೊಂಡು ಇಳಿದುಹೋದ. ಇನ್ನು ಬರಲಿಕ್ಕಿಲ್ಲ ಎಂದಳು ಅನಘ. ಮರುದಿನ ಒಂದೂವರೆಗೇ ಬಂದು ಅಡುಗೆಮನೆಯ ನೆಲದ ಮೇಲೆ ಅವಳ ಪಕ್ಕ ಕೂತ. "ಹೆದರಿಕೆ ಆಗ್ತದೆ," ಎಂದ, "ಆದರೆ ನೀನು ಇಲ್ಲಿ ಹೆದರಿಕೊಂಡು ಕೂತಿದ್ದಿ ಅಂತ ಅಲ್ಲಿ ಗಲ್ಲೆಯಲ್ಲಿ ಕೂತರೆ ಇನ್ನೂ ಜಾಸ್ತಿ ಆಗ್ತದೆ." ಅನಘಳಿಗೆ ಅಷ್ಟು ಸಾಕಾಯಿತು.

ಮುಕ್ತಾಳ ಮನಸ್ಸು ತಿರುಗಿದ್ದು ಹಾಗೆ ಒಂದೇ ದಿನದಲ್ಲಲ್ಲ. ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲ ಮೇಲೆ ಸುನಿಲನ ಹೆಜ್ಜೆ ಕೇಳುವವರೆಗೆ ತಾನು ಚಹಾ ಕುಡಿಯುವುದಿಲ್ಲ ಎನ್ನುವುದು ಅವಳಿಗೆ ಗಮನಕ್ಕೆ ಬಂದದ್ದೇ ಅವನು ಜ್ವರ ಬಂದು ಎರಡು ದಿನ ಬಾರದಿದ್ದಾಗ. ಮೊದಲ ದಿನ ಅನಘಳೂ ಔಷಧಿ ತರಲು ಹೋಗಿದ್ದಳು. ಹೊರಗೆ ಮಳೆ ಜೋರಾಗಿತ್ತು. ಒಂದು ನಲವತ್ತಕ್ಕೆ ಮುಕ್ತಾ ಒಬ್ಬಳೇ ಮಂಚದ ಪಕ್ಕ ನಿಂತು, ಸುನಿಲನ ಬಾಯಿಂದ ಕಲಿತದ್ದನ್ನು ಹೇಳಿದಳು. "ಕೂಸ ಮಲಗ್ಯಾದವ್ವಾ."

ಅಷ್ಟು ದಿನ ಸೀಲಿಂಗಿನಲ್ಲಿ ನೆಟ್ಟಿದ್ದ ಕಣ್ಣು ತಿರುಗಿತು. ಅಪ್ಪಯ್ಯನ ಕಣ್ಣೇ, ಆದರೆ ಅದರಲ್ಲಿ ಮಗಳ ಗುರುತಿರಲಿಲ್ಲ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿತು.

"ನೀ ಯಾರ ಮಗಳವ್ವಾ?" ಎಂದಿತು ದನಿ.

ಈ ಮನುಷ್ಯನ ಮಗಳು ಎಂದು ಹೇಳುವುದು ಹೇಗೆ? ನಿನ್ನ ಮೇಲೆ ಗಾಡಿ ಹಾಯಿಸಿದವನ ಮಗಳು ಎಂದು? ಗಾಡಿ ದಾಟಿಹೋಗುವವರೆಗೆ ಆ ಕಣ್ಣು ಕಾಯಿತು. ಅವಳು ಉತ್ತರ ಕೊಡಲಿಲ್ಲ. ಅಪ್ಪಯ್ಯನೂ ಹೀಗೇ ಕೊಡದೆ ಕೂತಿದ್ದರು ಎಂಬುದು ಆಮೇಲೆ ಅವಳಿಗೆ ಹೊಳೆಯಿತು.

ಸುನಿಲನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು. ಜ್ವರದ ದನಿಯಲ್ಲಿ ಅವನು, "ನನಗೂ ಅದೇ ಚಿಂತಿ ಹತ್ಯಾದ್ರಿ" ಎಂದ. "ದಿನಾ ಸುಳ್ಳ ಹೇಳಲಕತ್ತೀನಿ. ಆಕಿ ನಂಬ್ತಾಳ, ಮತ್ತ ಮರುದಿನ ಬರ್ತಾಳ. ಸತ್ತವ್ರಿಗಿ ಎಷ್ಟ ದಿನ ಸುಳ್ಳ ಹೇಳೂದು? ಆ ಕೂಸಿನ್ನ ಹುಡುಕೂಣ್ರಿ."

ಹುಡುಕುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಲ್ಯಾಣ ಪೂರ್ವದ ಹಳೆಯ ಕೂಲಿ ಕೇರಿಗಳಲ್ಲಿ ಊರು ಬಿಟ್ಟು ಬಂದವರ ಸಾವು ಯಾರಿಗೂ ಮರೆಯುವುದಿಲ್ಲ. ಕೂಸಿನ ಜೊತೆ ರೈಲಿಗೆ ಸಿಕ್ಕವಳು ಎಂದರೆ ವಯಸ್ಸಾದವರೆಲ್ಲ, ಮರಗಮ್ಮ, ಎಂದು ತಲೆಯಾಡಿಸಿದರು. ಮೂರು ಭಾನುವಾರ ಸುನಿಲ ಮತ್ತು ಮುಕ್ತಾ ಓಣಿ ಓಣಿ ಅಲೆದು, ಮರಗಮ್ಮನ ಅಕ್ಕ ದ್ರೌಪದಿಯ ಮನೆ ಮುಟ್ಟಿದರು. ಆಕೆ ಮಗುವನ್ನು ಸಾಕಿ, ಓದಿಸಿ, ಮದುವೆ ಮಾಡಿದ್ದಳು. ಹೆಸರು ಸುಲೋಚನಾ. ಈಗ ಬದಲಾಪುರದಲ್ಲಿ, ಪ್ಯಾಕಿಂಗ್ ಕಾರ್ಖಾನೆಯೊಂದರಲ್ಲಿ ಕೆಲಸ, ಒಂದು ಹೆಣ್ಣುಮಗು.

ಫೋನಿನಲ್ಲಿ ಸುಲೋಚನಾ ಸಿಡಿದಳು, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ. "ಆ ಡ್ರೈವರ್ ಮನಿಗಿ ನಾ ಯಾಕ ಬರಲಿ? ಮಾಫಿ ಬೇಕೇನು ಅವರಿಗಿ?" ಸುನಿಲ ಕ್ಷಮೆಯ ಮಾತೆತ್ತಲಿಲ್ಲ. ದನಿಯ ವಿಷಯ ಹೇಳಿದ. ಆಮೇಲೆ ಸಣ್ಣಗೆ, "ಹೆಂಗಸಿನ ದನಿಯೇನು?" ಎಂದಳು. "ನನ್ ಹತ್ರ ಅವ್ವನ ಒಂದು ಫೋಟೋ ಸುದ್ದಾ ಇಲ್ಲ."

ಅವತ್ತು ಕಲ್ಯಾಣ ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಮುಕ್ತಾ, ಸುನಿಲ ಇಬ್ಬರೂ ನಾಲ್ಕು ಗಾಡಿಗಳನ್ನು ಹತ್ತದೆ ಹೋಗಗೊಟ್ಟರು. "ನಿಮಗೆ ಹೆದರಿಕೆ ಆಗುವುದಿಲ್ಲವಾ?" ಎಂದಳು ಮುಕ್ತಾ. "ಆಗ್ತದ್ರಿ," ಎಂದ ಸುನಿಲ. "ಮೊದಲ ದಿನಾನೇ ಓಡಿಹೋಗೋಣ ಅನಸ್ತು. ನೀವು ಕುರ್ಚಿ ಎಳದ ಕೊಟ್ಟಿದ್ರಿ. ಎದ್ದ ಹೋಗಲಿಕ್ಕ ಮನಸ ಬರಲಿಲ್ಲ." ಮುಕ್ತಾ ಬೆಂಚಿನ ಮೇಲಿದ್ದ ಅವನ ಕೈಯನ್ನು ಹಿಡಿದುಕೊಂಡಳು.

ಸುಲೋಚನಾ ಬಂದದ್ದು ಆಗಸ್ಟಿನ ಒಂದು ಶುಕ್ರವಾರ, ಕಾರ್ಖಾನೆಗೆ ರಜೆ ಹಾಕಿ. ತೆಳ್ಳನೆಯ ಮೈ, ಎಡಗಿವಿಯ ಮೇಲೆ ಕೂದಲು ಇಳಿಬಿಟ್ಟಿದ್ದಳು. ಮಂಚದ ಮೇಲಿನ ಮುದುಕನನ್ನು ನೋಡಿ ಅವಳ ಮುಖ ಗಟ್ಟಿಯಾಯಿತು. ನೀರು ಕೊಟ್ಟರೆ ಕುಡಿಯಲಿಲ್ಲ. ಕುರ್ಚಿಯ ತುದಿಯಲ್ಲಿ ಪರ್ಸು ಮಡಿಲಲ್ಲಿಟ್ಟುಕೊಂಡು ಕೂತಳು. ಮಳೆ ನಿಂತು ಕಿಟಕಿಯಲ್ಲಿ ಬಿಸಿಲು ಬಂದಿತ್ತು.

"ನನ್ನ ಕೂಸ ಎಲ್ಲದ?"

ಸುಲೋಚನಾಳ ಮಡಿಲಿನಿಂದ ಪರ್ಸು ಜಾರಿತು. ದನಿ ಇನ್ನೆರಡು ಸಲ ಕೇಳಿತು. ಆಮೇಲೆ ಕಣ್ಣು ತಿರುಗಿ ಅವಳ ಮೇಲೆ ನಿಂತಿತು. ಈವರೆಗೆ ಎಂದೂ ಆಡದ ಮಾತೊಂದು ಬಂತು.

"ಕಿವಿ ಹುಣ್ಣ ಮಾಯ್ತೇನು?"

ಸುಲೋಚನಾ ಕೂದಲು ಸರಿಸಿ ಎಡಗಿವಿ ಮುಟ್ಟಿಕೊಂಡಳು. ಕೆಳಗಿನ ತುದಿಯಲ್ಲಿ ಸುಕ್ಕಿದ ಹಳೆಯ ಕಲೆ ಎಲ್ಲರಿಗೂ ಕಂಡಿತು. ಮಗುವಾಗಿದ್ದಾಗ ಚುಚ್ಚಿದ ಕಿವಿ ಕೀವಾಗಿತ್ತೆಂದು ದ್ರೌಪದಿ ಆಮೇಲೆ ಹೇಳಿದಳು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೇಳುವಂಥ ಸಂಗತಿಯೂ ಅದಾಗಿರಲಿಲ್ಲ.

"ಮಾಯ್ತು ಯವ್ವಾ," ಎಂದಳು ಸುಲೋಚನಾ. "ಮಾಯ್ದು ಭಾಳ ವರ್ಷ ಆಯ್ತು."

ಹೊರಗೆ ಗಾಡಿ ಹೋಯಿತು. ಉಪಾಧ್ಯರು ಕಣ್ಣು ಮುಚ್ಚಿದರು. ತೆರೆದಾಗ ಬಾಯಿ ಸೊಟ್ಟಗಿತ್ತು. ಆ ಸೊಟ್ಟ ಬಾಯಿಂದ, ತೊದಲುವ ಅವರದ್ದೇ ದಪ್ಪ ದನಿಯಲ್ಲಿ, ಮೂರು ತಿಂಗಳ ಮೇಲೆ ಮೊದಲ ತುಳು ಮಾತು ಬಂತು: "ನೀರ್." ಮುಕ್ತಾ ಚಮಚದಲ್ಲಿ ಕುಡಿಸಿದಳು. ಅನಘ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಎಲ್ಲ ಮುಗಿಯಿತು ಎಂದುಕೊಂಡರು. ಆದರೆ ಮರುದಿನ ಒಂದು ಗಂಟೆಗೇ ಸುಲೋಚನಾ ಮತ್ತೆ ಬಾಗಿಲು ತಟ್ಟಿದಳು. ಅದೇ ಕುರ್ಚಿಯಲ್ಲಿ ಕೂತಳು. ಒಂದು ನಲವತ್ತಾಯಿತು, ಗಾಡಿ ಹೋಯಿತು. ಉಪಾಧ್ಯರು ನಿದ್ದೆಯಲ್ಲಿದ್ದರು. ಎರಡಾಯಿತು. ಭಾನುವಾರವೂ ಬಂದಳು. ಸೋಮವಾರವೂ.

"ನಾ ಬಾಯಿ ಬಿಡಬಾರದಿತ್ತು," ಎಂದಳು ಆ ಸೋಮವಾರ. "ಸುಮ್ನ ಕುಂತಿದ್ರ ಇನ್ನೂ ಕೇಳ್ತಿದ್ಳು. ದಿನಾ ಕೇಳ್ತಿದ್ಳು. ನಾನೇ ಕಳಿಸಿಬಿಟ್ಟೆ." ಅವಳು ಮುಕ್ತಾಳ ಕಡೆ ತಿರುಗಿದಳು. "ದೀದಿ, ನೀವು ಎರಡು ತಿಂಗಳು ಕೇಳೀರಿ. ಒಮ್ಮೆ ಅಂದು ತೋರಸ್ರಿ. ನಾ ಸರಿಯಾಗಿ ಕೇಳಲಿಲ್ಲ, ಎದಿ ಹೊಡಕೊಳ್ಳಲಕತ್ತಿತ್ತು."

ಬೇಡ ಎನ್ನಲು ಮುಕ್ತಾ ಬಾಯಿ ತೆರೆದಳು. ಸುಲೋಚನಾ ಆಗಲೇ ಕಣ್ಣು ಮುಚ್ಚಿಕೊಂಡಿದ್ದಳು. ಮುಕ್ತಾ ಅವಳ ಎದುರು ನೆಲದ ಮೇಲೆ ಕೂತು, ತಗ್ಗಿದ ದನಿಯಲ್ಲಿ ಹೇಳಿದಳು. "ಯವ್ವಾ, ನನ್ನ ಕೂಸ ಎಲ್ಲದ?" ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಸುನಿಲ ಓಡಿಬಂದು ಮೊದಲು ಮಂಚದ ಕಡೆ ನೋಡಿದ, ಆಮೇಲೆ ಮುಕ್ತಾಳ ಕಡೆ. ಅವನ ಮುಖ ನೋಡಿದ ಮೇಲೆಯೇ, ಬಂದದ್ದು ತನ್ನ ದನಿಯಂತಿರಲಿಲ್ಲ ಎಂದು ಮುಕ್ತಾಳಿಗೆ ಗೊತ್ತಾದದ್ದು. ಸುಲೋಚನಾ ಕಣ್ಣು ತೆರೆಯದೆ, "ಇನ್ನೊಮ್ಮೆ" ಎಂದಳು. ಮುಕ್ತಾ ಇನ್ನೊಮ್ಮೆ ಹೇಳಿದಳು. ಈ ಸಲ ಅದು ನಾಸಿಕದ ಗಣಿತ ಟೀಚರಿನ ಬರೀ ಸೀದಾ ದನಿಯಾಗಿತ್ತು. ಸುಲೋಚನಾ ತಲೆಯಾಡಿಸಿ ಎದ್ದು, ಆ ಮನೆಯಲ್ಲಿ ಮೊದಲ ಸಲ ನೀರು ಕೇಳಿ ಕುಡಿದಳು.

ಉಪಾಧ್ಯರು ಡಿಸೆಂಬರಿನಲ್ಲಿ, ಒಂದು ಬೆಳಿಗ್ಗೆ, ನೋವಿಲ್ಲದೆ ಹೋದರು. ಕೊನೆಯ ತಿಂಗಳುಗಳಲ್ಲಿ ನಾಲ್ಕಾರು ತುಳು ಮಾತು ಮರಳಿ ಬಂದಿತ್ತು; ಹಳಿಯ ವಿಷಯ ಅವರೂ ಎತ್ತಲಿಲ್ಲ, ಮಕ್ಕಳೂ ಕೇಳಲಿಲ್ಲ. ವರ್ಷದೊಳಗೆ ಅನಘ ಕಶ್ಯಪನನ್ನು ಮದುವೆಯಾಗಿ ಹೋಟೆಲಿನ ಅಡುಗೆಯವರ ಮೇಲೆ ದರ್ಬಾರು ನಡೆಸತೊಡಗಿದಳು. ಮುಕ್ತಾ ಡೊಂಬಿವ್ಲಿಯ ಶಾಲೆಯೊಂದಕ್ಕೆ ಸೇರಿದಳು. ಅವಳು ಸುನಿಲನನ್ನು ಮದುವೆಯಾಗುತ್ತೇನೆಂದಾಗ ಉಡುಪಿಯ ಕಡೆಯ ನೆಂಟರು ಒಬ್ಬೊಬ್ಬರಾಗಿ ಫೋನು ಮಾಡಿದರು. ರೋಗಿ ನೋಡಲು ಬಂದವನನ್ನಾ ಎಂದರು, ಯಾವ ಜನ ಎಂದರು. ಮುಕ್ತಾ ಎಲ್ಲರಿಗೂ ಸಮಾಧಾನದಿಂದ, "ಆಶೀರ್ವಾದ ಮಾಡುವುದಾದರೆ ಬನ್ನಿ, ಊಟ ಕಶ್ಯಪನ ಹೋಟೆಲಿನಲ್ಲಿ" ಎಂದಳು. ಇಬ್ಬರು ಬಂದರು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿಗೆ ಮೂವರು ಬೇಕಿತ್ತು. ಅನಘ, ಕಶ್ಯಪ, ಮೂರನೆಯವಳು ಸುಲೋಚನಾ. ಗುಮಾಸ್ತ ಫಾರಮ್ಮಿನಿಂದ ತಲೆಯೆತ್ತದೆ ಮರಾಠಿಯಲ್ಲಿ, ವಧುವಿಗೆ ನೀವು ಏನಾಗಬೇಕು ಎಂದು ಕೇಳಿದ. ಸುಲೋಚನಾ ಪೆನ್ನು ಹಿಡಿದುಕೊಂಡು ಮುಕ್ತಾಳ ಮುಖ ನೋಡಿದಳು. ಮುಕ್ತಾ ಸುಲೋಚನಾಳನ್ನು ನೋಡಿದಳು. ಹಿಂದಿದ್ದ ಸಾಲಿನವರು ಗೊಣಗತೊಡಗಿದರು. "ಬರಕೊಳ್ಳಿ," ಎಂದಳು ಅನಘ ಮುಂದೆ ಬಂದು, "ನಮ್ಮ ಮನೆಯವಳು." ಗುಮಾಸ್ತ ಅದಕ್ಕೊಂದು ಮರಾಠಿ ಪದ ಹುಡುಕಿ ಬರೆದುಕೊಂಡು, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ.